ಜಿಯೋಟ್ಯಾಗ್ ಇಲ್ಲದ ಜಾಗಗಳು

ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ ತಂಡ ಬರುವ ವರ್ಷ ವಿಶ್ವವಿದ್ಯಾಲಯದ ಗಾಳಿಯೇ ಬೇರೆ. ವರ್ಷಗಟ್ಟಲೆ ಬೀಗ ಬಿದ್ದಿದ್ದ ಕೊಠಡಿಗೆ ‘ಮಹಿಳಾ ವಿಶ್ರಾಂತಿ ಕೊಠಡಿ’ ಎಂಬ ಫಲಕ ಬರುತ್ತದೆ, ಹೂಕುಂಡಗಳಿಗೆ ಕೆಮ್ಮಣ್ಣು ಬಳಿಯುತ್ತಾರೆ, ಯಾವ ಕಡತ ಯಾರ ಬಳಿ ಇತ್ತು ಎಂಬ ವಿಚಾರಕ್ಕೆ ಹಳೆಯ ಸ್ನೇಹಗಳು ಮುರಿಯುತ್ತವೆ. ಏಳು ಮಾನದಂಡಗಳನ್ನು ಅಧ್ಯಾಪಕರಿಗೆ ಹಂಚಿದಾಗ ನನ್ನ ಪಾಲಿಗೆ ಏಳನೆಯದು ಬಂತು: ಸಾಂಸ್ಥಿಕ ಮೌಲ್ಯಗಳು. ಸಂಶೋಧನೆ, ಹಣಕಾಸು, ಆಡಳಿತ ಎಲ್ಲವೂ ಹಿರಿಯರಿಗೆ. ಮೌಲ್ಯಗಳು ಮಾತ್ರ ಕಿರಿಯರಿಗೆ, ಅದರಲ್ಲೂ ಹೆಂಗಸರಿಗೆ. ಇದನ್ನು ಯಾರೂ ಯೋಚಿಸಿ ಮಾಡಿದ್ದಲ್ಲ, ತಾನಾಗಿಯೇ ಹಾಗಾಯಿತು. ಲಿಂಗ ಸಮಾನತೆ, ಅಂಗವಿಕಲ ಸ್ನೇಹಿ ಪರಿಸರ, ಸಾಂಸ್ಕೃತಿಕ ಹಾಗೂ ಭಾಷಿಕ ವೈವಿಧ್ಯವನ್ನು ಒಳಗೊಳ್ಳುವ ವಾತಾವರಣ – ಇವೆಲ್ಲಕ್ಕೂ ಒಂದೊಂದು ವಿವರಣೆ ಬರೆಯಬೇಕು, ಪ್ರತಿಯೊಂದಕ್ಕೂ ಜಿಯೋಟ್ಯಾಗ್ ಇರುವ ಫೋಟೊ ಲಗತ್ತಿಸಬೇಕು. ಫೋಟೊದ ಮೂಲೆಯಲ್ಲಿ ಅಕ್ಷಾಂಶ, ರೇಖಾಂಶ, ದಿನಾಂಕ, ಸಮಯ ಕಾಣಬೇಕು. ಸಮಾನತೆ ಭೂಮಿಯ ಮೇಲಿನ ಯಾವ ಬಿಂದುವಿನಲ್ಲಿ ನಡೆಯಿತು ಎಂಬುದಕ್ಕೆ ಉಪಗ್ರಹವೇ ಸಾಕ್ಷಿ ಹೇಳಬೇಕು.

ಆಡಳಿತ ಭವನದ ಮುಂದೆ ಹೊಸದಾಗಿ ಕಟ್ಟಿಸಿದ ಇಳಿಜಾರಿನ ಫೋಟೊ ತೆಗೆಯಲು ನಿಂತೆವು. ಖಾಲಿ ಇಳಿಜಾರಿಗೆ ಕಳೆ ಇಲ್ಲ ಎಂದು ಛಾಯಾಗ್ರಾಹಕ ಹೇಳಿದ. ಆರೋಗ್ಯ ಕೇಂದ್ರದಿಂದ ಗಾಲಿಕುರ್ಚಿ ತರಿಸಿ, ಅಲ್ಲೇ ನಿಂತಿದ್ದ ಗಟ್ಟಿಮುಟ್ಟಾದ ಹುಡುಗನೊಬ್ಬನನ್ನು ಅದರಲ್ಲಿ ಕೂರಿಸಲು ಯಾರೋ ಹೊರಟರು. ಹುಡುಗನಿಗೆ ನಗು ತಡೆಯಲಾಗುತ್ತಿಲ್ಲ. ನಾನು ಬೇಡವೆಂದೆ. “ಹಾಗಾದರೆ ನಿಜವಾದವರನ್ನು ಕರೆಸಿ ಮೇಡಂ” ಎಂದ ಛಾಯಾಗ್ರಾಹಕ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಿಜವಾದವನು ಇದ್ದ. ಎರಡೂ ಕಾಲಿಗೆ ಆಧಾರದ ಕ್ಯಾಲಿಪರ್ ಹಾಕಿಕೊಂಡು ನಡೆಯುವ ಒಬ್ಬ ವಿದ್ಯಾರ್ಥಿ ನಮ್ಮ ಕಟ್ಟಡದಲ್ಲೇ ಓದುತ್ತಿದ್ದ. ಆದರೆ ಅವನ ತರಗತಿ ಮೊದಲ ಮಹಡಿಯಲ್ಲಿ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಬೆಳಿಗ್ಗೆ ಮೇಲೆ ಹತ್ತಿದರೆ ಅವನು ಸಂಜೆಯವರೆಗೆ ಇಳಿಯುವುದಿಲ್ಲ; ಊಟದ ಡಬ್ಬಿಯೂ ಮೇಲೆಯೇ, ಬಿಡುವಿನ ವೇಳೆಯೂ ಮೇಲೆಯೇ. ಮಧ್ಯಾಹ್ನ ನೀರು ಕುಡಿಯುವುದನ್ನು ಅವನು ಕಡಿಮೆ ಮಾಡಿದ್ದಾನೆ ಎಂಬುದು ನನಗೆ ಅವನ ಗೆಳೆಯರಿಂದ ಗೊತ್ತಾಗಿತ್ತು, ಏಕೆಂದರೆ ಶೌಚಾಲಯ ಕೆಳಗಿದೆ. ಇಳಿಜಾರಿನ ಫೋಟೊಗಾಗಿ ಅವನನ್ನು ಮೆಟ್ಟಿಲಿಳಿಸಿ ಕರೆತರುವುದು ಯಾವ ನ್ಯಾಯ? ಕೊನೆಗೆ ಖಾಲಿ ಇಳಿಜಾರಿನ ಫೋಟೊವೇ ಕಡತಕ್ಕೆ ಹೋಯಿತು. ಅವನ ತರಗತಿಯನ್ನು ಕೆಳಮಹಡಿಗೆ ಬದಲಿಸಲು ವೇಳಾಪಟ್ಟಿಯಲ್ಲಿ ಎರಡು ಕೊಠಡಿಗಳ ಹೆಸರನ್ನು ಅದಲುಬದಲು ಮಾಡಿದರೆ ಸಾಕಿತ್ತು. ಮುಂದಿನ ಸೆಮಿಸ್ಟರಿನಲ್ಲಿ ಅದು ಆಯಿತು. ಅದಕ್ಕೆ ಫೋಟೊ ಇಲ್ಲ. ವೇಳಾಪಟ್ಟಿಯ ಫೋಟೊ ತೆಗೆದರೂ ಅದರಲ್ಲಿ ಏನು ಬದಲಾಯಿತೆಂದು ಯಾರಿಗೆ ತಿಳಿಯುತ್ತದೆ?

ಆ ಕಡತ ಸಿದ್ಧಪಡಿಸುತ್ತಿದ್ದ ತಿಂಗಳುಗಳಲ್ಲಿ ಇದೇ ಯೋಚನೆ ತಲೆಯಲ್ಲಿ ಕೊರೆಯುತ್ತಿತ್ತು. ಕ್ಯಾಂಪಸ್ಸಿನಲ್ಲಿ ಯಾರು ನಿಜಕ್ಕೂ ಒಳಗಿನವರು, ಯಾರು ಅತಿಥಿಗಳು ಎಂಬುದು ತೀರ್ಮಾನವಾಗುವುದು ಫೋಟೊ ತೆಗೆಯಲಾಗದ ಜಾಗಗಳಲ್ಲಿ. ವೇಳಾಪಟ್ಟಿಯಲ್ಲಿ, ಮಾರ್ಗದರ್ಶಕರ ಹಂಚಿಕೆಯಲ್ಲಿ, ಆಂತರಿಕ ಅಂಕಗಳಲ್ಲಿ, ಹಾಸ್ಟೆಲ್ ಕೊಠಡಿಯ ಪಟ್ಟಿಯಲ್ಲಿ, ವಿದ್ಯಾರ್ಥಿವೇತನದ ಅರ್ಜಿಯನ್ನು ಇವತ್ತು ಪರಿಶೀಲಿಸಬೇಕೋ ಮುಂದಿನ ವಾರವೋ ಎಂದು ಯೋಚಿಸುವ ಗುಮಾಸ್ತರ ಮೇಜಿನಲ್ಲಿ.

ವೈವಿಧ್ಯದ ಮೆರವಣಿಗೆ

ಫೋಟೊ ತೆಗೆಯಬಹುದಾದದ್ದೂ ಒಂದಿದೆ: ಸಾಂಪ್ರದಾಯಿಕ ಉಡುಗೆಯ ದಿನ. ಹುಡುಗಿಯರು ಇಳಕಲ್ ಸೀರೆ, ಹುಡುಗರು ಪಂಚೆ ಅಥವಾ ಧೋತರ, ತಲೆಗೆ ರುಮಾಲು. ನೋಡಲು ಚೆಂದವೇ, ನನಗೂ ಇಷ್ಟ. ಆದರೆ ಪರಿಶೀಲನಾ ತಂಡ ಬಂದಾಗಲೆಲ್ಲ ಲಂಬಾಣಿ ವಿದ್ಯಾರ್ಥಿನಿಯರಿಗೇ ಕರೆ ಹೋಗುತ್ತದೆ. ಕನ್ನಡಿ, ಕವಡೆ ಹೊಲಿದ ಉಡುಪು ಕ್ಯಾಮೆರಾಕ್ಕೆ ಹೇಳಿ ಮಾಡಿಸಿದ್ದು. ಗಣಿತದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದ ಒಬ್ಬಳು ನನ್ನ ಬಳಿ ಬಂದು, “ಮೇಡಂ, ನಮ್ಮ ತಾಂಡಾದಲ್ಲಿ ಈ ಉಡುಪು ಹಾಕುವುದು ನಮ್ಮ ಅಜ್ಜಿ ಮಾತ್ರ. ನನಗೆ ಕುಣಿಯಲು ಬರುವುದಿಲ್ಲ. ನನ್ನ ಹೆಸರು ಪಟ್ಟಿಯಲ್ಲಿ ಯಾರು ಸೇರಿಸಿದರು?” ಎಂದು ಕೇಳಿದಳು. ಅವಳ ವಿಭಾಗದವರು ಯಾರೂ ಅವಳನ್ನು ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸಲು ಕರೆದಿರಲಿಲ್ಲ. ಆ ಪಟ್ಟಿಯೂ ಅದೇ ವಾರ ತಯಾರಾಗಿತ್ತು. ಸರ್ವಧರ್ಮ ಸಮನ್ವಯದ ಫೋಟೊದ್ದೂ ಇದೇ ಕಥೆ. ಬುರ್ಖಾ ಧರಿಸಿದ ಹುಡುಗಿಗೆ ಅಲ್ಲಿ ನಟ್ಟನಡುವಿನ ಜಾಗ. ಅಂಥದೇ ಉಡುಪಿನ ಹುಡುಗಿಯರು 2022ರ ಫೆಬ್ರುವರಿಯಲ್ಲಿ, ಹಿಜಾಬ್ ವಿವಾದದ ವೇಳೆ, ಕರಾವಳಿಯ ಕಾಲೇಜು ಗೇಟುಗಳ ಹೊರಗೆ ನಿಂತಿದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದ್ದೇವೆ. ಕಡತಕ್ಕೆ ಬೇಕಾದಾಗ ಆ ಬಟ್ಟೆ ವೈವಿಧ್ಯ, ತರಗತಿಗೆ ಬಂದಾಗ ಸಮಸ್ಯೆ.

ಪೌಂಡ್ ಚಿಹ್ನೆಯ ಕನ್ನಡ

ದೃಷ್ಟಿಯಿಲ್ಲದ ವಿದ್ಯಾರ್ಥಿಗಳು ನಮ್ಮ ಕಡೆಯ ವಿಶ್ವವಿದ್ಯಾಲಯಗಳ ಕಲಾ ವಿಭಾಗಗಳಲ್ಲಿ ಹೊಸಬರೇನಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅಂಗವಿಕಲರಿಗೆ ಕನಿಷ್ಠ ಶೇ 5ರಷ್ಟು ಸೀಟು ಮೀಸಲಿಡಬೇಕೆನ್ನುತ್ತದೆ. ಪರೀಕ್ಷೆಯಲ್ಲಿ ಅವರಿಗೆ ಬರೆದುಕೊಡುವವರ ನೆರವು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ – ಈ ನಿಯಮಗಳೂ ಇವೆ, ಬಹುಮಟ್ಟಿಗೆ ಪಾಲನೆಯೂ ಆಗುತ್ತವೆ. ಪರೀಕ್ಷಾ ವಿಭಾಗಕ್ಕೆ ಕಾಗದದ ಭಯವಿದೆ. ಆದರೆ ಪರೀಕ್ಷೆಗೆ ಮೊದಲಿನ ಅಷ್ಟೂ ವಾರಗಳ ಓದು ಹೇಗೆ?

ಒಬ್ಬ ವಿದ್ಯಾರ್ಥಿನಿ ಸ್ನಾತಕೋತ್ತರ ಪದವಿಗೆ ಸೇರಿದ ಹೊಸದರಲ್ಲಿ ಮೊಬೈಲ್ ಹಿಡಿದುಕೊಂಡು ನನ್ನ ಕೊಠಡಿಗೆ ಬಂದಳು. ವಿಭಾಗದಿಂದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ಹಳೆಯ ಟಿಪ್ಪಣಿಗಳನ್ನು ಅವಳ ಫೋನಿನ ಓದುವ ತಂತ್ರಾಂಶದಲ್ಲಿ ಕೇಳಿಸಿದಳು. ಧ್ವನಿ ಒಂದೇ ಸಮನೆ ಇಂಗ್ಲಿಷ್ ಅಕ್ಷರಗಳನ್ನೂ ಚಿಹ್ನೆಗಳನ್ನೂ ಉದುರಿಸುತ್ತಿತ್ತು: ಪಿ, ಎ, ಪೌಂಡ್, ಕ್ಯೂ... “ಇದು ಕನ್ನಡವೇ ಅಲ್ಲವೇ ಮೇಡಂ?” ಎಂದಳು. ಕನ್ನಡವೇ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದು. ಆ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಇರುವುದು ಇಂಗ್ಲಿಷಿನ ಪಿ, ಅದರ ಪಕ್ಕ ಬ್ರಿಟನ್ನಿನ ಪೌಂಡ್ ಚಿಹ್ನೆ, ಇನ್ನೊಂದಿಷ್ಟು ಐರೋಪ್ಯ ಅಕ್ಷರಗಳು. ಕಣ್ಣಿರುವವರಿಗೆ ಫಾಂಟು ಈ ಚಿಹ್ನೆಗಳನ್ನು ಮರೆಮಾಡಿ ಕನ್ನಡ ತೋರಿಸುತ್ತದೆ. ಕಿವಿಯಿಂದ ಓದುವವಳಿಗೆ ಆ ಮರೆ ಇಲ್ಲ. ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತವಿರುವ ಯೂನಿಕೋಡಿನಲ್ಲಿ ಬರೆದಿದ್ದರೆ ಅದೇ ಫೋನು ಅದೇ ಪಾಠವನ್ನು ಸರಾಗವಾಗಿ ಓದುತ್ತಿತ್ತು. ಕ್ಯಾಮೆರಾದಿಂದ ಸೆರೆಹಿಡಿದ ಪುಸ್ತಕದ ಪುಟಗಳಂತೂ ಅವಳ ಪಾಲಿಗೆ ಬರೀ ಮೌನ.

ಸರಿಪಡಿಸಲು ಕಾಸು ಖರ್ಚಾಗಲಿಲ್ಲ. ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ; ಅವಳ ಸಹಪಾಠಿಗಳಿಬ್ಬರು ಕುಳಿತು ಟಿಪ್ಪಣಿಗಳನ್ನು ಬದಲಿಸಿ, ಒತ್ತಕ್ಷರಗಳು ಕೆಟ್ಟಲ್ಲೆಲ್ಲ ಕೈಯಿಂದ ತಿದ್ದಿದರು. ಅದಾದ ಮೇಲೆ ಬೇರೆ ವಿದ್ಯಾರ್ಥಿಗಳೂ ಅದನ್ನೇ ಬಳಸತೊಡಗಿದರು, ಏಕೆಂದರೆ ಅದರಲ್ಲಿ ಪದ ಹುಡುಕಲು ಬರುತ್ತದೆ. ಆದರೆ ಇಷ್ಟು ವರ್ಷ ಇದನ್ನು ಯಾರೂ ಮಾಡಿರಲಿಲ್ಲ. ಅವಳಿಗಿಂತ ಮೊದಲು ಅಲ್ಲಿ ಓದಿ ಹೋದ ದೃಷ್ಟಿಯಿಲ್ಲದವರು ಏನು ಮಾಡುತ್ತಿದ್ದರು? ಗೆಳೆಯರಿಂದ ಓದಿಸಿಕೊಳ್ಳುತ್ತಿದ್ದರು. ಗೆಳೆಯರಿಗೆ ಬಿಡುವಾದಾಗ, ಬೇಸರವಿಲ್ಲದಾಗ, ಜಗಳವಾಗದಿದ್ದಾಗ. ಓದುವುದಕ್ಕೂ ಇನ್ನೊಬ್ಬರ ಮರ್ಜಿ ಕಾಯಬೇಕಾದವರು ಆ ಇನ್ನೊಬ್ಬರೊಂದಿಗೆ ವಾದಕ್ಕಿಳಿಯುವುದು ಸುಲಭವಲ್ಲ. ಅಂಥವರನ್ನು ನಾವು “ತುಂಬಾ ಒಳ್ಳೆಯ ಹುಡುಗ, ಸೌಮ್ಯ ಸ್ವಭಾವ” ಎಂದು ಹೊಗಳುತ್ತೇವೆ.

ಸೀಟಿನ ಲೆಕ್ಕ ನಮಗೆ ಗೊತ್ತು

ಒಳಗೆ ಬಿಡುವ ವಿಷಯದಲ್ಲಿ ಈ ರಾಜ್ಯ ದಡ್ಡತನ ತೋರಿದ್ದಿಲ್ಲ. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಎರಡೇ ವರ್ಷದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿ, ಓದು ಮತ್ತು ನೌಕರಿ ಒಂದೇ ಸಮುದಾಯದ ಕೈಯಲ್ಲಿರುವುದನ್ನು ಹೇಗೆ ಸರಿಪಡಿಸಬೇಕೆಂದು ಕೇಳಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದವರಿಗೆ ಸಿಗಬೇಕೆಂದು ಸಮಿತಿ ಹೇಳಿತು. ಪ್ರತಿಭೆಗೆ ಕುಂದು ಬರುತ್ತದೆ ಎಂಬ ವಾದವೂ ಆಗಲೇ ಹುಟ್ಟಿತ್ತು. ದಿವಾನ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟದ್ದರ ಹಿಂದೆ ಈ ಭಿನ್ನಾಭಿಪ್ರಾಯವೂ ಇತ್ತು. ಮುಂದೆ ದೇವರಾಜ ಅರಸು ಕಾಲದಲ್ಲಿ ಹಿಂದುಳಿದ ವರ್ಗಗಳ ಹಾವನೂರು ಆಯೋಗ ಬಂತು, 1975ರಲ್ಲಿ ವರದಿ ಕೊಟ್ಟಿತು. ಕಲ್ಯಾಣ ಕರ್ನಾಟಕದವರಿಗೆ ಸೀಟು, ಹುದ್ದೆಗಳಲ್ಲಿ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ 371ಜೆ ವಿಧಿ ಬಂತು. ನಮ್ಮ ಸಿಇಟಿ ಪಟ್ಟಿ ನೋಡಿದವರಿಗೆ ಗೊತ್ತು: ಸಾಮಾನ್ಯ ವರ್ಗಕ್ಕೆ ಜಿಎಂ, ಹಿಂದುಳಿದ ವರ್ಗಗಳಿಗೆ ಕೆಟಗರಿ 1, 2ಎ, 2ಬಿ, 3ಎ, 3ಬಿ, ಪ್ರತಿಯೊಂದರ ಮುಂದೆ ಗ್ರಾಮೀಣಕ್ಕೆ ಒಂದು ಆರ್, ಕನ್ನಡ ಮಾಧ್ಯಮಕ್ಕೆ ಒಂದು ಕೆ. ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡದಲ್ಲಿ ಓದಿದವರಿಗೆ ಶೇ 5. ಒಬ್ಬ ಹುಡುಗಿಯ ಬದುಕಿನ ಅಡೆತಡೆಗಳನ್ನು ಎರಡು ಮೂರು ಅಕ್ಷರಗಳಲ್ಲಿ ಹಿಡಿದಿಡುವಷ್ಟು ಸೂಕ್ಷ್ಮ ಲೆಕ್ಕ ಇದು.

ನನ್ನ ತಕರಾರು ಇಷ್ಟೇ: ಪ್ರವೇಶದ ದಿನ ಇಷ್ಟೆಲ್ಲ ಗೊತ್ತಿದ್ದ ವ್ಯವಸ್ಥೆಗೆ ಮಾರನೆಯ ದಿನ ಏನೂ ನೆನಪಿರುವುದಿಲ್ಲ. ಹತ್ತು ವರ್ಷ ಕನ್ನಡದಲ್ಲಿ ಓದಿದ್ದಾಳೆ ಎಂಬ ಕಾರಣಕ್ಕೇ ಸೀಟು ಕೊಟ್ಟು, ಮೊದಲ ತರಗತಿಯಿಂದಲೇ ಇಂಗ್ಲಿಷಿನಲ್ಲಿ ಪಾಠ ಶುರು. ಅವಳು ಹಿಂದಿನ ಬೆಂಚಿಗೆ ಸರಿದರೆ “ಆಸಕ್ತಿ ಇಲ್ಲ” ಎಂಬ ಷರಾ. ಇನ್ನೊಂದು ಕಡೆ, ಮರೆಯಬೇಕಾದದ್ದನ್ನು ಯಾರೂ ಮರೆಯುವುದಿಲ್ಲ. ಸೂಚನಾ ಫಲಕದಲ್ಲಿ ಅಂಟಿಸಿದ ಪಟ್ಟಿಯಿಂದ ಯಾರು ಯಾವ ಕೋಟಾ ಎಂಬುದು ಮೊದಲ ವಾರವೇ ಎಲ್ಲರಿಗೂ ಬಾಯಿಪಾಠ. ಹಿಂದುಳಿದ ವರ್ಗಗಳ ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಇರುವವನನ್ನು ‘ಬಿಸಿಎಂ ಹಾಸ್ಟೆಲ್ ಹುಡುಗ’ ಎಂದರೆ ವಿಳಾಸ ಹೇಳಿದಂತೆ ಅಲ್ಲ, ಗುರುತು ಹಚ್ಚಿದಂತೆ. ಅಂದರೆ ಜಾತಿ ಸಹಾಯಕ್ಕೆ ಬೇಕಾದಲ್ಲಿ ಅಳಿಸಿಹೋಗಿ, ಬೇಡವಾದಲ್ಲಿ ಉಳಿದುಕೊಳ್ಳುತ್ತದೆ.

ಹಾಸ್ಟೆಲಿನ ಕಥೆ ನಮ್ಮಲ್ಲಿ ಎರಡು ಮುಖದ್ದು. ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಒಂದೊಂದು ಸಮುದಾಯವೂ ಕಟ್ಟಿದ ವಿದ್ಯಾರ್ಥಿನಿಲಯಗಳು ಇಲ್ಲದಿದ್ದರೆ ಹಳ್ಳಿಯ ಎಷ್ಟೋ ತಲೆಮಾರುಗಳು ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಸಾರ್ವಜನಿಕ ಊಟದ ಮನೆಯಲ್ಲಿ ಎಲ್ಲರಿಗೂ ಎಲೆ ಹಾಕದ ಕಾಲದಲ್ಲಿ ತಮ್ಮವರೇ ಎಲೆ ಹಾಕಿದರು. ಆ ಋಣ ದೊಡ್ಡದು. ಆದರೆ ವಿಶ್ವವಿದ್ಯಾಲಯದ ಸ್ವಂತ ಹಾಸ್ಟೆಲಿನಲ್ಲಿಯೂ ಕೊಠಡಿಗಳು ಜಾತಿವಾರು ಗುಂಪಾಗುವುದಕ್ಕೆ ಯಾವ ಋಣದ ನೆಪವೂ ಇಲ್ಲ. ದೆಹಲಿಯ ಏಮ್ಸ್‌ನಲ್ಲಿ ನಡೆಯುತ್ತಿದ್ದ ತಾರತಮ್ಯದ ಬಗ್ಗೆ 2007ರಲ್ಲಿ ಸುಖದೇವ ಥೋರಟ್ ಸಮಿತಿ ಕೊಟ್ಟ ವರದಿಯಲ್ಲಿ, ಕಿರುಕುಳ ತಾಳಲಾರದೆ ದಲಿತ ವಿದ್ಯಾರ್ಥಿಗಳು ಹಾಸ್ಟೆಲಿನ ಒಂದು ಭಾಗಕ್ಕೆ ಒಟ್ಟಾಗಿ ಸರಿದುಹೋದದ್ದು ದಾಖಲಾಗಿದೆ. “ಅವರೇ ಜೊತೆಗಿರಲು ಇಷ್ಟಪಡುತ್ತಾರೆ” ಎಂಬ ವಾರ್ಡನ್‌ಗಳ ಮಾತನ್ನು ಕೇಳಿದಾಗಲೆಲ್ಲ ನನಗೆ ಆ ವರದಿ ನೆನಪಾಗುತ್ತದೆ. ನನ್ನ ಮಟ್ಟಿಗೆ ಪರಿಹಾರ ಸರಳ: ಚೀಟಿ ಎತ್ತಿ ಕೊಠಡಿ ಕೊಡಿ. ಅದೃಷ್ಟಕ್ಕೆ ಜಾತಿ ತಿಳಿಯುವುದಿಲ್ಲ, ವಾರ್ಡನ್‌ಗೆ ತಿಳಿಯುತ್ತದೆ.

ಸಂದರ್ಶನದ ಕೊಠಡಿ

ನನಗೆ ಅತಿ ಸ್ಪಷ್ಟವಾಗಿ ನೆನಪಿರುವುದು ಪಿಎಚ್.ಡಿ. ಪ್ರವೇಶದ ಒಂದು ಸಂದರ್ಶನ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಗಳ ಪ್ರಕಾರ ಪ್ರವೇಶ ಪರೀಕ್ಷೆಗೆ ಶೇ 70, ಸಂದರ್ಶನಕ್ಕೆ ಶೇ 30ರ ತೂಕ. ಸಮಿತಿಯಲ್ಲಿ ನಾನು ಅತಿ ಕಿರಿಯಳು. ಅಭ್ಯರ್ಥಿ ಒಳಗೆ ಬಂದ ಸಮಯ, ಹೊರಗೆ ಹೋದ ಸಮಯ ಬರೆಯುವ ಕೆಲಸ ನನ್ನದು. ಲಿಖಿತ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದಿದ್ದವನು ಯಾದಗಿರಿ ಕಡೆಯ ಹುಡುಗ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಒಬ್ಬರು ಹೆಸರು ಕೇಳಿದರು, ಹೇಳಿದ. “ಪೂರ್ತಿ ಹೆಸರು?” ಅಡ್ಡಹೆಸರು ಸೇರಿಸಿ ಹೇಳಿದ. (ಅರ್ಜಿಯಲ್ಲಿ ಪೂರ್ತಿ ಹೆಸರು ಇತ್ತು. ಅರ್ಜಿ ಅವರ ಮುಂದೆಯೇ ಇತ್ತು.) “ತಂದೆ ಏನು ಮಾಡುತ್ತಾರೆ?”

“ಕೂಲಿ, ಸರ್. ವರ್ಷದಲ್ಲಿ ಅರ್ಧ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಕಟ್ಟಡದ ಕೆಲಸಕ್ಕೆ.”

ಅವನ ಸಂಶೋಧನಾ ವಿಷಯವೂ ಅದೇ: ಗುಳೆ ಹೋಗುವ ಕುಟುಂಬಗಳ ಮಕ್ಕಳ ಶಾಲೆ ಏನಾಗುತ್ತದೆ? ಸುಗ್ಗಿ ಮುಗಿದ ಮೇಲೆ ಯಾವ ತಿಂಗಳು ಯಾವ ತಾಲ್ಲೂಕಿನ ತರಗತಿಗಳು ಖಾಲಿಯಾಗುತ್ತವೆ, ಹಾಜರಿ ಪುಸ್ತಕದಲ್ಲಿ ಆ ಮಕ್ಕಳನ್ನು ಹೇಗೆ ತೋರಿಸುತ್ತಾರೆ ಎಂದು ಕನ್ನಡದಲ್ಲಿ ಹೇಳಲು ಶುರು ಮಾಡಿದ. ನಾನು ಪೆನ್ನು ಕೆಳಗಿಟ್ಟು ಕೇಳತೊಡಗಿದ್ದೆ. “ಇಂಗ್ಲಿಷಿನಲ್ಲಿ ಹೇಳಿ” ಎಂದರು ಒಬ್ಬರು, ಗದರಿಸಿ ಅಲ್ಲ, ಸಹಾಯ ಮಾಡುವ ದನಿಯಲ್ಲೇ. ಅವನು ಹೇಳಿದ. ವಾಕ್ಯಗಳು ಚಿಕ್ಕವಾದವು, ತಾಲ್ಲೂಕುಗಳು ಹೋದವು, ಹಾಜರಿ ಪುಸ್ತಕ ಹೋಯಿತು. ಉಳಿದದ್ದು ವಲಸೆ ಒಂದು ಸಮಸ್ಯೆ ಎಂಬಷ್ಟು ಮಾತ್ರ. “ಸೈದ್ಧಾಂತಿಕ ಚೌಕಟ್ಟು ಯಾವುದು?” ಎಂಬ ಪ್ರಶ್ನೆ ಬಂತು. ಸುಮ್ಮನಾದ. “ವಿಷಯ ಸ್ವಲ್ಪ ಭಾವುಕವಾಯಿತು. ಓದಿ, ಇನ್ನೂ ಓದಿ” ಎಂದು ನಗುತ್ತಲೇ ಬೀಳ್ಕೊಟ್ಟರು. ಒಟ್ಟು ಆರು ನಿಮಿಷ.

ಮುಂದಿನವಳು ಸಮಿತಿಯ ಒಬ್ಬರ ಹಳೆಯ ಸಹೋದ್ಯೋಗಿಯ ಮಗಳು. ಅದನ್ನು ಯಾರೂ ಮುಚ್ಚಿಡಲಿಲ್ಲ, ತಂದೆಯ ಆರೋಗ್ಯ ವಿಚಾರಿಸಿದರು. ಅವಳಿಗೂ ಚೌಕಟ್ಟಿನ ಪ್ರಶ್ನೆ ಬಂತು, ಅವಳೂ ತಡವರಿಸಿದಳು. ಆಗ ಒಬ್ಬರು, “ನಿಮ್ಮ ಮನಸ್ಸಿನಲ್ಲಿರುವುದು ಬಹುಶಃ ಇದು, ಅಲ್ಲವೇ?” ಎಂದು ಎರಡು ಮೂರು ಹೆಸರುಗಳನ್ನು ಒದಗಿಸಿದರು. ಹೌದು ಎಂದಳು. ಅಲ್ಲಿಂದ ಮಾತು ಬೆಳೆಯಿತು. ಹುಡುಗಿ ಚುರುಕಾಗಿಯೇ ಇದ್ದಳು, ಅವಳ ಬಗ್ಗೆ ನನಗೆ ಯಾವ ದೂರೂ ಇಲ್ಲ. ಹತ್ತೊಂಬತ್ತು ನಿಮಿಷ ಎಂದು ನನ್ನ ಹಾಳೆಯಲ್ಲಿದೆ. ಅಂತಿಮ ಪಟ್ಟಿಯಲ್ಲಿ ಅವಳು ಒಳಗೆ, ಅವನು ಕಾಯುವವರ ಸಾಲಿನಲ್ಲಿ.

ಇದರಲ್ಲಿ ಯಾರ ಮೇಲೆ ದೂರು ಕೊಡುವುದು? 2012ರ ಯುಜಿಸಿ ಸಮಾನತಾ ನಿಯಮಗಳ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಘಟಕ, ತಾರತಮ್ಯ ತಡೆ ಅಧಿಕಾರಿ ಇರಬೇಕು. 2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ, 2019ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ವೈದ್ಯೆ ಪಾಯಲ್ ತಡವಿ ಜಾತಿ ಕಿರುಕುಳದ ಆರೋಪಗಳ ನಡುವೆ ಆತ್ಮಹತ್ಯೆ ಮಾಡಿಕೊಂಡ ಮೇಲೆ ಆ ನಿಯಮಗಳು ಕಾಗದದಲ್ಲೇ ಉಳಿದಿವೆ ಎಂದು ಅವರಿಬ್ಬರ ತಾಯಂದಿರು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. 2026ರ ಜನವರಿಯಲ್ಲಿ ಯುಜಿಸಿ ಇನ್ನಷ್ಟು ಬಿಗಿಯಾದ ನಿಯಮಗಳನ್ನು ತಂದಿತು, ದೇಶದಲ್ಲಿ ಗದ್ದಲವೆದ್ದಿತು, ತಿಂಗಳು ಮುಗಿಯುವ ಮೊದಲೇ ಸುಪ್ರೀಂ ಕೋರ್ಟ್ ಅವಕ್ಕೆ ತಡೆ ನೀಡಿ ಹಳೆಯ ನಿಯಮಗಳೇ ಸದ್ಯಕ್ಕೆ ನಡೆಯಲಿ ಎಂದಿತು. ನನಗೆ ಬಿಗಿ ನಿಯಮ ಬೇಕು; ಪ್ರಾಣ ಹೋಗುವಷ್ಟು ಅವಮಾನ ನಡೆಯುವಲ್ಲಿ ಸೌಜನ್ಯದ ಉಪದೇಶ ಸಾಲದು. ಆದರೆ ಎಷ್ಟೇ ಬಿಗಿಯಾದ ನಿಯಮದ ಕೈಗೂ ಆ ಆರು ನಿಮಿಷ ಸಿಗುವುದಿಲ್ಲ. ಅಲ್ಲಿ ಯಾರೂ ಬೈಯಲಿಲ್ಲ, ಜಾತಿ ಹೆಸರೆತ್ತಲಿಲ್ಲ, ಚಹಾ ಕೂಡ ಕೊಟ್ಟರು. ಅವನನ್ನೇ ಕೇಳಿದರೂ “ಚೆನ್ನಾಗಿ ಮಾತನಾಡಿಸಿದರು, ನನಗೇ ಉತ್ತರ ಹೊಳೆಯಲಿಲ್ಲ” ಎನ್ನುತ್ತಾನೆ. ತಡವರಿಸಿದಾಗ ಯಾರಿಗೆ ಕೈ ಹಿಡಿಯಲಾಗುತ್ತದೆ, ಯಾರಿಗೆ ಇಲ್ಲ ಎಂಬುದನ್ನು ದೂರಿನ ಅರ್ಜಿಯಲ್ಲಿ ಬರೆಯುವುದು ಹೇಗೆ?

ಒಬ್ಬೊಬ್ಬರದಾಗಿ ನೋಡಿದರೆ ಕಾಣದ್ದು ಒಟ್ಟಾಗಿ ನೋಡಿದರೆ ಕಾಣುತ್ತದೆ. ಜೆಎನ್‌ಯುನಲ್ಲಿ ಅಬ್ದುಲ್ ನಾಫೆ ಅಧ್ಯಕ್ಷತೆಯ ಸಮಿತಿ ಲಿಖಿತ ಅಂಕಗಳನ್ನೂ ಸಂದರ್ಶನದ ಅಂಕಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ಎರಡರ ನಡುವಿನ ಅಂತರ ಸಾಮಾಜಿಕ ಹಿನ್ನೆಲೆಗೆ ತಕ್ಕಂತೆ ವಾಲುತ್ತಿತ್ತು. ಸಂದರ್ಶನದ ತೂಕವನ್ನು 30ರಿಂದ 15ಕ್ಕೆ ಇಳಿಸಿ ಎಂದು 2016ರಲ್ಲಿ ಅದು ಶಿಫಾರಸು ಮಾಡಿತು. ಇಂಥ ಲೆಕ್ಕ ಹಾಕಲು ಹೊಸ ಸಮಿತಿ, ಹೊಸ ಕಟ್ಟಡ ಏನೂ ಬೇಡ. ಎಲ್ಲ ಅಂಕಪಟ್ಟಿಗಳೂ ಪ್ರತಿ ವಿಶ್ವವಿದ್ಯಾಲಯದ ಕಪಾಟಿನಲ್ಲಿವೆ.

ನನ್ನ ಸಮಯದ ಹಾಳೆಯನ್ನು ಇಟ್ಟುಕೊಂಡು ನಾನು ವಿಭಾಗದ ಸಭೆಗೆ ಒಂದು ಪ್ರಸ್ತಾವ ಕೊಟ್ಟೆ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಅವಧಿ. ಉತ್ತರವನ್ನು ಕನ್ನಡದಲ್ಲಿ ಹೇಳಬೇಕೋ ಇಂಗ್ಲಿಷಿನಲ್ಲೋ ಎಂಬ ಆಯ್ಕೆ ಅಭ್ಯರ್ಥಿಯದು. ಮೊದಲ ನಾಲ್ಕು ಪ್ರಶ್ನೆಗಳು ಎಲ್ಲರಿಗೂ ಒಂದೇ, ಮೊದಲೇ ಬರೆದಿಟ್ಟವು. ತಂದೆತಾಯಿಯ ಉದ್ಯೋಗ ಕೇಳುವಂತಿಲ್ಲ. ಸದಸ್ಯರು ಪರಸ್ಪರ ಚರ್ಚಿಸುವ ಮೊದಲೇ ಅಂಕ ಬರೆದು ಲಕೋಟೆಗೆ ಹಾಕಬೇಕು. ನಿವೃತ್ತಿಗೆ ಹತ್ತಿರವಿದ್ದ ಒಬ್ಬ ಪ್ರಾಧ್ಯಾಪಕರು ಇದನ್ನು ಬಲವಾಗಿ ವಿರೋಧಿಸಿದರು. ಅವರು ಕೆಟ್ಟವರಲ್ಲ, ಸ್ವತಃ ಕಷ್ಟಪಟ್ಟು ಓದಿದವರು. “ನನ್ನ ಗುರುಗಳು ಮನೆಯ ಪರಿಸ್ಥಿತಿ ಕೇಳಿದ್ದಕ್ಕೇ ನನಗೆ ಹಾಸ್ಟೆಲ್ ಸಿಕ್ಕಿತು. ನೀವು ಸಂದರ್ಶನವನ್ನು ಇನ್ನೊಂದು ಪ್ರಶ್ನೆಪತ್ರಿಕೆ ಮಾಡುತ್ತಿದ್ದೀರಿ, ತಾಯಿ. ಮನುಷ್ಯರ ಮಾತು ಎಲ್ಲಿ ಉಳಿಯಿತು?” ಎಂದರು. ಆ ಮಾತಿಗೆ ತೂಕವಿದೆ. ಮನೆಯ ಕಷ್ಟ ಕೇಳುವ ಗುರುವಿನಿಂದ ಬದುಕು ಕಟ್ಟಿಕೊಂಡವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ ಸೇರಿಸಿಕೊಂಡ ಮೇಲೆ ಕೇಳುವುದಕ್ಕೂ, ಸೇರಿಸಿಕೊಳ್ಳಬೇಕೇ ಬೇಡವೇ ಎಂದು ತೂಗುವಾಗ ಕೇಳುವುದಕ್ಕೂ ಅಜಗಜಾಂತರ. ಮೊದಲನೆಯದನ್ನು ಯಾರೂ ತಡೆದಿಲ್ಲ. ನಿಜ ಹೇಳಬೇಕೆಂದರೆ ಸೇರಿಸಿಕೊಂಡ ಮೇಲೆ ನಾವು ಕೇಳುವುದೇ ಇಲ್ಲ.

ಅವಧಿ ಮತ್ತು ಭಾಷೆಯ ಅಂಶಗಳಿಗೆ ಸಭೆ ಒಪ್ಪಿತು. ಲಕೋಟೆಯ ಮಾತಿಗೆ ಕೆಲವರು ನಕ್ಕರು, ಆಮೇಲೆ ಅದಕ್ಕೂ ಒಪ್ಪಿದರು. ಸಮಾನ ಪ್ರಶ್ನೆಗಳು ಹಾಗೂ ತಂದೆತಾಯಿಯ ಉದ್ಯೋಗದ ವಿಷಯವನ್ನು ‘ಹೆಚ್ಚಿನ ಚರ್ಚೆಗಾಗಿ’ ಮುಂದೂಡಿದರು. ಯಾದಗಿರಿಯ ಹುಡುಗ ಮರುವರ್ಷ ಬೇರೊಂದು ವಿಶ್ವವಿದ್ಯಾಲಯದಲ್ಲಿ ಸೇರಿದನೆಂದು ಕೇಳಿದೆ, ವಿಷಯ ಅದೇ. ಮುಂದೂಡಿದ ಎರಡು ಅಂಶಗಳು ಇನ್ನೂ ಕಾರ್ಯಸೂಚಿಯಲ್ಲಿವೆ. ಪ್ರತಿ ಸಭೆಯಲ್ಲೂ ‘ಇತರ ವಿಷಯಗಳು’ ಎಂಬ ಶೀರ್ಷಿಕೆಯ ಕೆಳಗೆ ನಾನೇ ಅವನ್ನು ಮತ್ತೆ ಸೇರಿಸುತ್ತಿದ್ದೇನೆ, ವಿಭಾಗದ ಮುಖ್ಯಸ್ಥರು ಸಮಯ ನೋಡಿಕೊಳ್ಳುತ್ತಿದ್ದಾರೆ.